ಕರಣೆ ಹಿಡಿದ ಕೈಗೆ ಕರಣೆಯ ಕೂಲಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರ್ಧ ಎದ್ದ ಕಟ್ಟಡದ ಎರಡನೇ ಮಹಡಿ. ಗಂಡನ ಹಳೇ ಅಂಗಿ ತೊಟ್ಟ ಹೆಂಗಸೊಬ್ಬರು ಸಾರುವೆಯ ಹಲಗೆಯ ಮೇಲೆ ನಿಂತು ಕಿಟಕಿಯ ಅಂಚಿಗೆ ಗಾರೆ ಬಳಿಯುತ್ತಿದ್ದಾರೆ. ಮೇಲಿನಿಂದ ಕೆಳಗೆ ಒಂದೇ ಉಸಿರಿಗೆ ಕರಣೆ ಎಳೆಯುತ್ತಾರೆ. ಅಂಚು ಗೆರೆ ಕೊರೆದಂತೆ ನಿಲ್ಲುತ್ತದೆ. ಅದಕ್ಕೇ ಜೊತೆಯವರೆಲ್ಲ ಇವರನ್ನು ಗೆರೆಯಕ್ಕ ಅನ್ನುತ್ತಾರೆ.

ಮದುವೆಯಾದ ಹೊಸದರಲ್ಲಿ ಗಂಡನ ಹಿಂದೆ ಬಾಂಡ್ಲಿಯಲ್ಲಿ ಗಾರೆ ಹೊರಲು ಬಂದವರು. ಗಂಡ ಹೊಗೆ ಸೇದಲು ಇಳಿದಾಗಲೆಲ್ಲ ಆತನ ಕರಣೆ ಎತ್ತಿಕೊಂಡು ಕಲಿತರು. ಆತ ಧಾರಾಳವಾಗಿ ಸೇದುತ್ತಿದ್ದ, ಇವರ ವಿದ್ಯೆಯೂ ಧಾರಾಳವಾಗಿ ಬೆಳೆಯಿತು. "ಅವರ ಗೋಡೇಲಿ ಹೊಟ್ಟೆ ಬರುತ್ತೆ, ಅವರಿಗೆ ಬಂದಿಲ್ವಾ, ಹಾಗೇ" ಎಂದು ನಗುತ್ತಾರೆ.

ಹಾಗೆ ಉಬ್ಬಿ ಹೊಟ್ಟೆ ಬಂದ ಗೋಡೆಗೆ ಪೂರ್ತಿ ಕೂಲಿ. ಗೆರೆ ಕೊರೆದ ಅಂಚಿಗೆ ಬಾಂಡ್ಲಿ ಹೊರುವವರ ಕೂಲಿ, ಅಂದರೆ ಸುಮಾರು ಅರ್ಧ. ಹೀಗೇ ವರ್ಷಗಟ್ಟಲೆ ನಡೆಯಿತು. ಮನೆ ಕಟ್ಟಿಸುವವರು ನೋಡಲು ಬಂದರೆ ಆಯಾ ಕಡೆಯ ಮೇಸ್ತ್ರಿ ಇವರನ್ನು ಸಾರುವೆಯಿಂದ ಇಳಿಸಿ ತಲೆಗೆ ಬಾಂಡ್ಲಿ ಹೊರಿಸುತ್ತಿದ್ದ. ಅಂಚು ತೋರಿಸಿ ತಾನು ಹೊಗಳಿಸಿಕೊಳ್ಳುತ್ತಿದ್ದ. ಇದಕ್ಕೆ ಕಳ್ಳತನ ಅನ್ನುವುದಲ್ಲದೆ ಬೇರೆ ಹೆಸರಿಲ್ಲ.

ಈ ಕಟ್ಟಡಕ್ಕೆ ಬಂದ ಮೇಲೆ ಗೆರೆಯಕ್ಕ ಪೂರ್ತಿ ಕೂಲಿ ಕೊಡಿ ಎಂದು ಬಾಯಿ ಬಿಟ್ಟು ಕೇಳಿದರು. ನಿನಗೆ ಕೊಟ್ಟರೆ ಉಳಿದವರೂ ತಲೆ ಮೇಲೆ ಕೂರುತ್ತಾರೆ ಎಂದ ಇಲ್ಲಿನ ಮೇಸ್ತ್ರಿ. ಇವರು ಜಗಳಕ್ಕೆ ನಿಲ್ಲಲಿಲ್ಲ. ಮರುದಿನ ಕರಣೆ ತೊಳೆದು ಚೀಲಕ್ಕೆ ಹಾಕಿದರು.

"ಬಾಂಡ್ಲಿ ಕೂಲಿ ತಾನೇ ಕೊಡೋದು? ಬಾಂಡ್ಲಿ ಹೊರ್ತೀನಿ ಬಿಡಿ."

ಅದೇ ಅರ್ಧ ಕೂಲಿಗೆ ಕರಣೆ ಹಿಡಿಯುತ್ತಿದ್ದ ಇನ್ನಿಬ್ಬರು ಹೆಂಗಸರೂ ಬಾಂಡ್ಲಿ ಎತ್ತಿಕೊಂಡರು. ನಮ್ಮಿಬ್ಬರ ಕೆಲಸವೂ ಹೋಗುತ್ತೆ, ಮಕ್ಕಳ ಹೊಟ್ಟೆಗೆ ಮಣ್ಣು ಹಾಕಬೇಡ ಎಂದು ಗಂಡ ಮನೆಯಲ್ಲಿ ಕೂಗಾಡಿದ. ಗೆರೆಯಕ್ಕನಿಗೂ ಭಯವಿತ್ತು, ನಿದ್ದೆ ಬರಲಿಲ್ಲ. ಆದರೂ ಚೀಲದಿಂದ ಕರಣೆ ತೆಗೆಯಲಿಲ್ಲ.

ಗಂಡಸರು ಬಳಿದ ಅಂಚುಗಳಿಗೆ ಚೌಕಟ್ಟು ಕೂರದೆ ಬಡಗಿ ಬೈದುಕೊಂಡು ವಾಪಸು ಹೋದ. ಆಗ ಮೇಸ್ತ್ರಿ ಮೆತ್ತಗೆ ಬಂದು, ನಿನಗೊಬ್ಬಳಿಗೆ ಪೂರ್ತಿ ಕೊಡುತ್ತೇನೆ, ಅವರಿಬ್ಬರಿಗೆ ಹೇಳಬೇಡ ಎಂದು ಪಿಸುಗುಟ್ಟಿದ. ಬೇಕಾಗಿದ್ದು ಕೈಗೆ ಬಂದಿತ್ತು. ಸುಮ್ಮನಿದ್ದರೆ ಸಾಕಿತ್ತು.

"ಬಾಯಿ ಬಿಡ್ಬೇಡ ಅಂದ್ರು. ಟೀ ಕುಡಿಯೋಕೆ ಬಿಡ್ಲೇಬೇಕಲ್ಲ, ಆಗ ಇದೂ ಬಂದ್ಬಿಡ್ತು" ಎನ್ನುತ್ತಾರೆ.

ಅವರಿಬ್ಬರಿಗೂ ವಿಷಯ ತಿಳಿಯಿತು, ಮೂವರೂ ಬಾಂಡ್ಲಿಯನ್ನೇ ಹೊರುತ್ತಾ ಹೋದರು. ವಾರ ತುಂಬುವ ಮೊದಲೇ ಮೇಸ್ತ್ರಿ ಮೂವರಿಗೂ ಒಪ್ಪಿದ. ಗಂಡ ಎರಡು ದಿನ ದೂರದ ಗೋಡೆಗೇ ಗಾರೆ ಬಳಿದ. ಮೂರನೇ ದಿನ, ಅಂಚು ಹೇಗೆ ಎಳೀತೀಯೆ ತೋರಿಸು ಎಂದು ಪಕ್ಕಕ್ಕೆ ಬಂದು ನಿಂತ.

ಈ ಕಟ್ಟಡ ಇನ್ನೇನು ಮುಗಿಯುತ್ತದೆ. ಮುಂದಿನ ಕಡೆ ಬೇರೆ ಮೇಸ್ತ್ರಿ, ಮತ್ತೆ ಮೊದಲಿನಿಂದ ಕೇಳಬೇಕು. ಕೇಳುತ್ತೇನೆ ಎನ್ನುವ ಗೆರೆಯಕ್ಕ, ಕರಣೆಗೆ ಗಾರೆ ತೆಗೆದುಕೊಳ್ಳುತ್ತಾ ಒಂದೇ ಆಸೆ ಹೇಳಿಕೊಳ್ಳುತ್ತಾರೆ: "ಒಂದು ಕಡೆಯಾದ್ರೂ ನಾವು ಕೇಳೋ ಮುಂಚೆ ಕೊಡ್ಲಿ. ಅದು ಹೇಗಿರುತ್ತೆ ಅಂತ ನೋಡ್ಬೇಕು."