ಸಾಹೇಬರಿಗೆ ಹಾಕಿದ ಗೂಡಿನ ಹಾರ

ಮನೆಮನೆಯಲ್ಲೂ ರೇಷ್ಮೆಹುಳು ಸಾಕುವ ಕೈಲಾಂಚದ ಕಡೆಯ ಶಾಲೆಯೊಂದರಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ವಿಜ್ಞಾನದ ಮೇಡಮ್, ಕಸದ ಬುಟ್ಟಿ ಕಂಡರೆ ಸೆರಗು ಸಿಕ್ಕಿಸಿಕೊಂಡು ಕೈ ಹಾಕಿಬಿಡುತ್ತಿದ್ದರು. ಖಾಲಿ ಬಾಟಲಿ, ಒಡೆದ ಬಕೆಟ್ಟು, ಏನೇ ಸಿಗಲಿ, ಮಕ್ಕಳಿಗೆ ಒಂದೇ ಮಾತು: "ಬಿಸಾಕ್ಬೇಡ್ರೋ, ಒಸಿ ತಡೀರಿ. ಇದ್ರಿಂದ ಇನ್ನೂ ಏನೋ ಬತ್ತದೆ."

ತಪಾಸಣೆಗೆ ಬಂದ ಸಾಹೇಬರು ಆ ರಾಶಿ ನೋಡಿ ರೇಗಿದರು. "ಇದೇನ್ರೀ, ಶಾಲೆನೋ ಗುಜರಿ ಅಂಗಡಿನೋ? ಸೋಮವಾರ ಬರ್ತೀನಿ, ಒಂದು ಚೂರೂ ಇರಬಾರದು."

ಮೇಡಮ್ ತಲೆಯಾಡಿಸಿ, ಮಕ್ಕಳ ಕೈಯಲ್ಲಿ ಅವರಿಗೊಂದು ಹಾರ ಹಾಕಿಸಿದರು. ಮಾರಾಟಕ್ಕೆ ಬಾರದ ತೂತು ರೇಷ್ಮೆಗೂಡುಗಳನ್ನು ಮನೆಯಿಂದ ತಂದು ಮಕ್ಕಳೇ ಪೋಣಿಸಿದ್ದು. ಸಾಹೇಬರು ಖುಷಿಯಾಗಿ ಒಯ್ದು ಆಫೀಸಿನ ಗೋಡೆಗೆ ನೇತುಹಾಕಿಸಿದರು. ಚಿಟ್ಟೆ ಹಾರಿಹೋದ ತೂತು ಗೂಡುಗಳ ನಡುವೆ, ಒಳಗೆ ಹುಳು ಇನ್ನೂ ಜೀವಂತವಿದ್ದ ಗೂಡುಗಳೂ ಸೇರಿಕೊಂಡಿದ್ದವು. ಹೇಗೆ ಸೇರಿದವೋ, ಮೇಡಮ್ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಸೋಮವಾರ ಸಾಹೇಬರು ಬರಲಿಲ್ಲ, ಅವರ ಫೋನು ಬಂತು. ಕೂಗಾಟ ನನ್ನ ಕುರ್ಚಿಯವರೆಗೂ ಕೇಳುತ್ತಿತ್ತು: "ಹಾರದೊಳಗಿಂದ ಚಿಟ್ಟೆ ಬಂದು ಫೈಲ್ ಮೇಲೆಲ್ಲಾ ಮೊಟ್ಟೆ ಇಟ್ಟಿವೆ ಕಣ್ರೀ! ಏನ್ ಮಾಡ್ಲಿ, ಎಲ್ಲಾ ಬಿಸಾಕ್ಸ್ಲಾ?"

ಮೇಡಮ್ ಫೋನನ್ನು ಕಿವಿಯಿಂದ ಒಂದಿಷ್ಟು ದೂರ ಹಿಡಿದು, ಬಹಳ ವಿನಯದಿಂದ ಹೇಳಿದರು: "ಬಿಸಾಕ್ಬೇಡಿ ಸಾರ್, ಒಸಿ ತಡೀರಿ. ಇನ್ನೂ ಏನೋ ಬತ್ತದೆ. ಹಿಪ್ಪುನೇರಳೆ ಸೊಪ್ಪು ನಮ್ ಮಕ್ಳೇ ತಂದ್ಕೊಡ್ತವೆ."