ಎಡಗಡೆಯ ಗೀರು

ಭಾನುವಾರ ಮಧ್ಯಾಹ್ನ. ಮಗ ತೊಡೆಯ ಮೇಲೆ ಮಲಗಿದ್ದಾನೆ. ಅತ್ತಿಗೆಯ ವಿಷಯ ಬರೆದಿಡದಿದ್ದರೆ ನನಗೆ ಸಮಾಧಾನವಿಲ್ಲ.

ಅತ್ತಿಗೆ, ನನ್ನಣ್ಣನ ಹೆಂಡತಿ, ಹದಿನೆಂಟು ವರ್ಷದಿಂದ ನಮ್ಮ ಪ್ರಯೋಗಾಲಯದಲ್ಲಿ ಕೋತಿಯ ಮಿದುಳನ್ನು ಕೂದಲಿಗಿಂತ ತೆಳ್ಳಗೆ ಕೊಯ್ಯುತ್ತಾರೆ. ಪದರಗಳನ್ನು ಕುಂಚದಿಂದ ಎತ್ತಿ ಗಾಜಿನ ಮೇಲೆ ಹಾಸುತ್ತಾರೆ. ಆಗ ಉಸಿರು ಬಿಗಿಹಿಡಿದಿರುತ್ತಾರೆ; ಮಾತಾಡಿಸಿದರೆ ಹುಬ್ಬಿನಲ್ಲೇ ಗದರುತ್ತಾರೆ. ಪದರ ಮಗುಚಿದರೆ ಎಡ ಬಲವಾಗಿಬಿಡುತ್ತದೆ. ಅದಕ್ಕೇ ಕೊಯ್ಯುವ ಮೊದಲು ಮಿದುಳಿನ ಎಡ ಅಂಚಿಗೊಂದು ಗೀರು ಹಾಕುವುದು ನಮ್ಮಲ್ಲಿ ಪದ್ಧತಿ. ಕೋತಿ ಬದುಕಿದ್ದಾಗ ಒಂದು ಜಾಗಕ್ಕೆ ಬಿಟ್ಟ ಬಣ್ಣ ನರದೆಳೆಗಳಗುಂಟ ಎಲ್ಲೆಲ್ಲಿ ಸೇರಿದೆಯೋ, ಅಲ್ಲಿಗೆಲ್ಲ ಆ ಜಾಗದ ನಂಟಿದೆ ಎಂದರ್ಥ. ಆ ಚುಕ್ಕೆಗಳನ್ನು ಗುರುತಿಸಿ ನಕ್ಷೆ ಮಾಡುವವಳು ನಾನು.

ಮೊನ್ನೆ ಬುಧವಾರ ನಕ್ಷೆ ಎಡವಟ್ಟಾಯಿತು. ಬಣ್ಣ ಬಿಟ್ಟದ್ದು ಎಡಕ್ಕೆ. ನನ್ನ ನಕ್ಷೆಯಲ್ಲಿ ಅದು ಬಲಕ್ಕಿತ್ತು.

"ಮಗುಚಿ ಹಾಸಿದಾರೆ. ಕಣ್ಣು ಸೋತಿರ್ಬೇಕು. ಇನ್ಮೇಲೆ ಬಾಟಲಿ ತೊಳೆಯೋ ಕೆಲ್ಸ ಕೊಡೋಣ," ಎಂದರು ಪ್ರಯೋಗಾಲಯದ ಮುಖ್ಯಸ್ಥರಾದ ದೊಡ್ಡ ಡಾಕ್ಟರು.

ಅತ್ತಿಗೆ ತುಟಿ ಬಿಚ್ಚಲಿಲ್ಲ. ಆ ಮೌನವೇ ನನಗೆ ಗುಮಾನಿ ಹುಟ್ಟಿಸಿತು. ಅವರು ಊಟಕ್ಕೆ ಹೋದಾಗ ಕಳ್ಳಿಯ ಹಾಗೆ ಅವರ ಗಾಜುಗಳನ್ನೆಲ್ಲ ತೆಗೆದು ನೋಡಿದೆ. ಒಂದೂ ಬಿಡದೆ ಎಲ್ಲದರಲ್ಲೂ ಗೀರು ಎಡಕ್ಕೇ ಇತ್ತು, ಅಂದರೆ ಪದರ ಮಗುಚಿರಲಿಲ್ಲ. ಆದರೂ ಮನಸ್ಸು ಸುಮ್ಮನಾಗಲಿಲ್ಲ: ಗೀರನ್ನೇ ತಪ್ಪು ಕಡೆ ಹಾಕಿದ್ದರೆ? ಗೀರು ಹಾಕುವವರೂ ಅವರೇ ತಾನೆ?

ಹಿಂದೆ ಹೆಜ್ಜೆ ಸಪ್ಪಳ. "ಹುಡುಕಿದ್ದು ಸಿಕ್ತೇನೇ?"

ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟೆ. "ಗೀರು... ನೀವೇ ಹಾಕಿದ್ದಾ ಅತ್ತಿಗೆ?"

"ಈ ಮಿದುಳು ಬಂದ ಬೆಳಿಗ್ಗೆ ನಿನ್ನ ಮಗನಿಗೆ ಚುಚ್ಚುಮದ್ದು ಹಾಕಿಸ್ಕೊಂಡು ಬಂದೋಳ್ಯಾರು? ನಾನು ಬರೋಷ್ಟ್ರಲ್ಲಿ ಗೀರು ಹಾಕಾಗಿತ್ತು."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅತ್ತಿಗೆ ಕೈತೊಳೆಯುವ ಸೋಪಿನ ಬಿಲ್ಲೆ ತೆಗೆದುಕೊಂಡು, ಒಂದು ತುದಿಗೆ ಪೆನ್ನಿನಿಂದ ಎರಡು ಕಣ್ಣು ಬರೆದು, ನೇರ ಡಾಕ್ಟರ ಕೋಣೆಗೆ ನಡೆದರು. ನಾನೂ ಹಿಂದೆಯೇ ಹೋದೆ.

"ಸರ್, ಆವತ್ತು ಗೀರು ಹೆಂಗೆ ಹಾಕಿದ್ರಿ, ಇದ್ರಲ್ಲಿ ತೋರಿಸಿ."

"ಏನಮ್ಮ ಇದು, ಹುಡುಗಾಟ?" ಎನ್ನುತ್ತಲೇ ಅವರು ಸೋಪನ್ನು ಕಣ್ಣು ತಮ್ಮ ಕಡೆಗಿರುವಂತೆ ಇಟ್ಟುಕೊಂಡು, ತಮ್ಮ ಎಡಗೈ ಪಕ್ಕಕ್ಕೆ ಗೀರಿದರು. "ಇದೇ ಎಡ."

"ನಿಮ್ದು, ಸರ್. ಅದು ನಿಮ್ಮನ್ನೇ ನೋಡ್ತಾ ಕೂತಿದೆ. ಅದರ ಎಡ ಯಾವ್ದು?"

ಡಾಕ್ಟರು ಸೋಪನ್ನು ಒಮ್ಮೆ, ನಮ್ಮನ್ನು ಒಮ್ಮೆ ನೋಡಿದರು. ಕೆಮ್ಮಿದರು. "ನಕ್ಷೆ ತಿರುಗಿಸಿಬಿಡಿ," ಎಂದು ನನಗೆ ಹೇಳಿ ಫೋನ್ ಎತ್ತಿಕೊಂಡರು. ಬಾಟಲಿಯ ಮಾತು ಮತ್ತೆ ಬರಲಿಲ್ಲ. ಕ್ಷಮೆಯ ಮಾತೂ ಬರಲಿಲ್ಲ.

ಕಾರಿಡಾರಿನಲ್ಲಿ ನಾನು, "ತಪ್ಪಾಯ್ತು ಅತ್ತಿಗೆ, ಕೇಳದೇ ನಿಮ್ಮ ಗಾಜು ಮುಟ್ಟಿದೆ," ಎಂದೆ.

"ಮುಟ್ಟಿದ್ದಕ್ಕಲ್ಲ ನನಗೆ ಬೇಜಾರು. ನಾನು ಊಟಕ್ಕೆ ಹೋಗ್ಲಿ ಅಂತ ಕಾಯ್ದೆಯಲ್ಲ, ಅದಕ್ಕೆ."

ಅವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ನಿನ್ನೆ ಹೊಸ ಮಿದುಳು ಬಂತು. ಡಾಕ್ಟರು ಗೀರು ಹಾಕುವ ಅಲಗನ್ನು ಅತ್ತಿಗೆಯ ಮುಂದಿಟ್ಟು ಹೊರಟರು. ಅತ್ತಿಗೆ ಅಲ್ಲಿಂದಲೇ ನನ್ನನ್ನು ಕೂಗಿದರು:

"ಬಾರೇ ಇಲ್ಲಿ, ಗುಮಾನಿ ಗೌರಮ್ಮ! ಎದುರಿಗೆ ನಿಂತ್ಕೊಂಡು ನೋಡು. ನಾನು ಗೀರು ಹಾಕಿದ್ಮೇಲೆ ನೀನು ಸಹಿ ಹಾಕು."