ಮಲ್ಲಿಗೆ ಒಳಗೆ ಬಂದ ಸಂಜೆ

ನಾನು ಚಿಕ್ಕವಳಿದ್ದಾಗ ಹಡಗಲಿಯ ಹತ್ತಿರ ನಮ್ಮ ಮನೆಯ ಸುತ್ತಲೂ ಮಲ್ಲಿಗೆ ತೋಟವಿತ್ತು. ಅದೇನು ಬಹಳ ಹಿಂದಿನ ಕಾಲವಲ್ಲ, ಮನೆಯಲ್ಲಿ ಟಿ.ವಿ. ಕೂಡ ಇತ್ತು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಬೇಗ ಮದುವೆ ಮಾಡುತ್ತಿದ್ದರು, ಹಾಗಾಗಿ ಕೂದಲು ನೆರೆಯುವ ಮೊದಲೇ ನಿಮಗೆ ಅಜ್ಜಿಯಾದೆ. ನಗಬೇಡಿ.

ಬೆಳಗಿನ ಜಾವವೇ ನಾವೆಲ್ಲ ಮೊಗ್ಗು ಬಿಡಿಸುತ್ತಿದ್ದೆವು. ಮೊಗ್ಗು ಹಗಲೆಲ್ಲ ಸುಮ್ಮನಿರುತ್ತದೆ. ಸಂಜೆ ಬಿರಿದಾಗ ಅದರ ಘಮ ಗಾಳಿಯಲ್ಲಿ ಸೇರಿ ಹರಡುತ್ತದೆ. ಲೋಟದ ನೀರಿಗೆ ಬೆಲ್ಲ ಹಾಕಿಟ್ಟರೆ, ಕದಡದಿದ್ದರೂ ನಿಧಾನವಾಗಿ ಕರಗಿ ನೀರೆಲ್ಲ ಸಿಹಿಯಾಗುತ್ತದಲ್ಲ, ಹಾಗೆ. ನಮಗೆ ಮಾತ್ರ ಅದು ಗೊತ್ತೇ ಆಗುತ್ತಿರಲಿಲ್ಲ. ದಿನವೂ ಅದರಲ್ಲೇ ಇದ್ದವರ ಮೂಗು ಅದನ್ನು ಮರೆತುಬಿಡುತ್ತದೆ. ಬಂದ ನೆಂಟರು ಬಾಗಿಲಲ್ಲೇ ನಿಂತು ಉಸಿರೆಳೆದುಕೊಂಡರೆ ನಮಗೆ ನಗು.

ಅಕ್ಕನನ್ನು ಕೊಟ್ಟೂರಿಗೆ ಕೊಟ್ಟಿದ್ದರು. ಅವಳು ಚೊಚ್ಚಲ ಬಸುರಿ, ಮೂರನೇ ತಿಂಗಳು. ಗಂಡನ ಮನೆಗೆ ಅಂಟಿಕೊಂಡೇ ಮಿರ್ಚಿ ಕರಿಯುವ ಅಂಗಡಿ. ಆ ಎಣ್ಣೆಯ ವಾಸನೆಗೆ ಉಂಡದ್ದೆಲ್ಲ ಕಕ್ಕಿ ಕಕ್ಕಿ ಕಡ್ಡಿಯಾಗಿದ್ದಳು. ಸುದ್ದಿ ತಿಳಿದ ಅಪ್ಪ ಹೋಗಿ ಕರೆದುಕೊಂಡೇ ಬಂದ.

"ನಮ್ಮನಿಯಾಗ ಏನ್ ವಾಸ್ನಿ ಐತಿ? ಆರಾಮ ಉಂಡು ಮಲಕ್ಕೋ," ಅಂದ.

ಮಧ್ಯಾಹ್ನ ಅಕ್ಕ ಗಂಜಿ ಕುಡಿದು ಮಲಗಿದಳು. ಅವ್ವನಿಗೆ ಹೋದ ಜೀವ ಬಂದಂತಾಯಿತು. ಸಂಜೆ, ಬಿಡಿಸದೆ ಉಳಿದಿದ್ದ ಮೊಗ್ಗುಗಳು ಬಿರಿಯತೊಡಗಿದವು. ಅಕ್ಕ ದಡಕ್ಕನೆ ಎದ್ದು ಬಚ್ಚಲಿಗೆ ಓಡಿದಳು. ಕುಡಿದ ಗಂಜಿಯೆಲ್ಲ ಹೊರಗೆ ಬಂತು.

"ಹೂವಿನ ವಾಸ್ನಿ ತಡಕೊಳ್ಳಾಕ ಆಗವಲ್ದವ್ವ," ಎಂದು ಅತ್ತಳು.

ಅಪ್ಪನಿಗೆ ನಂಬಲಾಗಲಿಲ್ಲ. ದೇವರ ಮುಡಿಗೆ ಏರುವ ಹೂ ಯಾರಿಗಾದರೂ ಆಗದೆ ಇರುತ್ತದೆಯೇ? ಆದರೂ ಕಿಟಕಿ ಹಾಕಿದ. ಬಾಗಿಲ ಸಂದಿಗೆ ಹಳೆಯ ಪಂಚೆ ತುರುಕಿದ, ಬೆಳಕಿಂಡಿಗೆ ಒದ್ದೆ ಗೋಣಿಚೀಲ ಕಟ್ಟಿದ. ನಾನು ಬೀಸಣಿಗೆ ಹಿಡಿದು ಬೀಸಿದೆ. ಬೀಸಿದಷ್ಟೂ ಘಮ ಅವಳ ಕಡೆಗೇ ಬಂತು. ಅವ್ವ ಬೇವಿನ ಸೊಪ್ಪಿನ ಹೊಗೆ ಹಾಕಿದಳು, ಅಕ್ಕನಿಗೆ ಕೆಮ್ಮು ಹತ್ತಿತು. ಎಲ್ಲ ಮುಚ್ಚಿದ ಮೇಲೂ ವಾಸನೆ ಇದೆ ಎಂದೇ ಅಕ್ಕ ಹೇಳುತ್ತಿದ್ದಳು. ಎಲ್ಲಿಂದ ಬರುತ್ತಿದೆಯೆಂದು ಅಪ್ಪ ಗೋಡೆಗಳನ್ನೆಲ್ಲ ತಡವಿದ.

ಆಮೇಲೆ ಮತ್ತೆ ಗಂಜಿ ತಂದು ಅವಳ ಪಕ್ಕ ಕೂತ. ಅಕ್ಕ ಮುಖ ತಿರುಗಿಸಿದಳು.

"ಅಪ್ಪಾ, ಸಿಟ್ಟಾಗಬ್ಯಾಡ. ಸ್ವಲ್ಪ ಆಚಿ ಸರಿ. ನಿನ್ನ ಮೈಯಾಗೂ ಐತಿ."

ಅಪ್ಪ ತನ್ನ ಅಂಗೈ ಮೂಸಿ ನೋಡಿಕೊಂಡ. ಅವನಿಗೆ ಏನೂ ತಿಳಿಯಲಿಲ್ಲ. ಹೊರಗೆ ಹೋಗಿ ಸೋಪು ಹಚ್ಚಿ ತಿಕ್ಕಿದ, ಬೂದಿ ಹಚ್ಚಿ ತಿಕ್ಕಿದ, ಬಂದು ಹೊಸ್ತಿಲಲ್ಲೇ ನಿಂತು, "ಈಗ?" ಅಂದ. ಅಕ್ಕ ಹತ್ತಿರ ಬರಬೇಡವೆಂದು ತಲೆ ಅಲ್ಲಾಡಿಸಿದಳು. ಅವ್ವನ ಸೆರಗಿನಲ್ಲೂ ಅದೇ, ನನ್ನ ಜಡೆಯಲ್ಲೂ ಅದೇ. ಮನೆ ತುಂಬ ಜನರಿದ್ದೂ ಅವಳ ಬೆನ್ನು ಸವರಲು ಒಬ್ಬರೂ ಇರಲಿಲ್ಲ. ನನಗೆ ಅಳು ಬಂತು.

"ತೋಟ ಕಿತ್ತು ಒಗಿಯಲೇನವ್ವಾ?" ಅಂದ ಅಪ್ಪ.

"ಬ್ಯಾಡಪ್ಪಾ. ಚಿಕ್ಕವ್ವನ ಮನಿಗೆ ನನ್ನ ಬಿಟ್ಟು ಬಾ."

ಚಿಕ್ಕವ್ವನ ಊರು ಇಟ್ಟಿಗಿ, ಅವರ ಹೊಲದಲ್ಲಿ ಬರೀ ಜೋಳ. ಬೆಳಗ್ಗೆ ಬಸ್ಸು ಬಂದಾಗ ಅಪ್ಪ ಅಕ್ಕನನ್ನು ಮುಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂರಿಸಿ, ತಾನು ಕೊನೆಯ ಸೀಟಿಗೆ ಹೋಗಿ ಕೂತ. ಇಟ್ಟಿಗಿಯಲ್ಲಿ ಅವಳಿಗೆ ಊಟ ಸೇರಿತು. ಬಯಕೆಯ ಸಂಕಟ ಕಳೆಯುವವರೆಗೂ ಅಪ್ಪ ಅಲ್ಲಿಗೆ ಹೋದಾಗಲೆಲ್ಲ ಅಂಗಳದಾಚೆ ನಿಂತೇ ಮಾತಾಡಿಸಿ ಬರುತ್ತಿದ್ದ.

ಮಕ್ಕಳೇ, ನಿಮ್ಮ ಮನೆಯಲ್ಲಿ ಗುಂಡಿ ಒತ್ತಿದರೆ ಬಾಟಲಿಯಿಂದ ಮಲ್ಲಿಗೆಯ ಘಮ ಬರುತ್ತದೆ. ಸಾಕೆನಿಸಿದರೆ ಗಾಳಿ ಹೊರಹಾಕುವ ಫ್ಯಾನು ಇದೆ. ನೀವು ಹೊಟ್ಟೆಯಲ್ಲಿದ್ದಾಗ ನಿಮ್ಮ ಅಮ್ಮನಿಗೆ ಒಗ್ಗರಣೆಯ ವಾಸನೆ ಆಗುತ್ತಿರಲಿಲ್ಲ. ಆ ಫ್ಯಾನು ಹಾಕಿ, ನಾನು ಪಕ್ಕದಲ್ಲೇ ಕೂತು ತುತ್ತು ಮಾಡಿ ತಿನ್ನಿಸಿದೆ. ಅಂಥದೊಂದು ತುತ್ತನ್ನು ನಮ್ಮ ಅಪ್ಪನಿಗೆ ತನ್ನ ಮಗಳಿಗೆ ಕೊಡಲಾಗಲಿಲ್ಲ.